ಪ್ರಿಯಾಳ ಮೊಡವೆ ಗುಳಿಗೆ

ಫೆ. 11, ಮಂಗಳವಾರ
ಆಸ್ಪತ್ರೆಯ ವಾರ್ಡು. ಫ್ಲಾಸ್ಕಿನ ಚಹಾ. ನಿನ್ನೆ ಮಗ್ಗದ ಮೇಲೆ ಕೂತಿದ್ದಾಗಲೇ ಇವರಿಗೆ ಸ್ಟ್ರೋಕ್. ಬಲಗೈ ಹಾಗೆಯೇ ಬಿದ್ದಿದೆ.

ಡಾ. ವಿದ್ಯಾಶ್ರೀ ಒಂದು ಔಷಧದ ಟ್ರಯಲ್ ಬಗ್ಗೆ ಹೇಳಿದರು. ಮೊಡವೆಗೆ ಕೊಡುವ ಹಳೆಯ ಗುಳಿಗೆ. ಸ್ಟ್ರೋಕ್ ಆದ ಮೇಲೆ ಮೆದುಳನ್ನು ಉಳಿಸುತ್ತದೆಯೇ ಎಂದು ನೋಡುತ್ತಿದ್ದಾರಂತೆ. ಅರ್ಧ ಜನರಿಗೆ ನಿಜವಾದದ್ದು, ಅರ್ಧ ಜನರಿಗೆ ಔಷಧವಿಲ್ಲದ ಬರೀ ಪುಡಿ. ಯಾರಿಗೆ ಯಾವುದು, ಡಾಕ್ಟರಿಗೂ ಗೊತ್ತಿಲ್ಲ. ಗುಳಿಗೆಯ ಹೆಸರಿದ್ದ ಫಾರ್ಮಿಗೆ ಸಹಿ ಮಾಡಿದೆ.

ಅತ್ತೆಗೆ ಬಿಡಿಸಿ ಹೇಳಿದೆ. "ಮಾರಿ ಮ್ಯಾಲಿನ ಗುಳ್ಳಿ ಗುಳಿಗಿ ತಲಿಯೊಳಗ ಹೋಗಿ ಏನ್ ಮಾಡ್ತೈತಿ? ನನ್ನ ಮಗಾ ಏನ್ ಮದಿವಿಗೆ ನಿಂತಾನ?"

ನಕ್ಕುಬಿಟ್ಟೆ.

ಫೆ. 12
ಸ್ನಾನಕ್ಕೆ ಬೆಟಗೇರಿಯ ಮನೆಗೆ ಹೋಗಿದ್ದೆ. ಮಗ್ಗದಲ್ಲಿ ಅರ್ಧ ಸೀರೆ. ಮಗಳ ಡ್ರಾಯರಿನಲ್ಲಿ ಅದೇ ಗುಳಿಗೆ, ಅದೇ ಹೆಸರು. ಪ್ರಿಯಾ ಮೊಡವೆಗೆ ತಂದು ಅರ್ಧಕ್ಕೆ ಬಿಟ್ಟದ್ದು. ಪರ್ಸಿಗೆ ಹಾಕಿಕೊಂಡೆ. ಯಾಕೆ? ಇವರಿಗೆ ಪುಡಿಯೇ ಬಂದಿದ್ದರೆ...

ಸಂಜೆ ವಾರ್ಡಿನಲ್ಲಿ ಒಂದನ್ನು ಬಿಡಿಸಿ ತಟ್ಟೆಯಲ್ಲಿಟ್ಟೆ. ನೀರೂ ತಂದೆ. ಕೊಡಲು ಕೈ ಬರಲಿಲ್ಲ. ಬಿಟ್ಟು ಹೊರಗೆ ಹೋಗಿ ನಿಂತೆ. ಬಂದಾಗ ತಟ್ಟೆ ತೊಳೆದಿಟ್ಟಿತ್ತು. ನರ್ಸ್ ಎಸೆದಿರಬೇಕು. ಸಮಾಧಾನವೇ ಆಯಿತು.

ಫೆ. 14
ಅತ್ತೆ ಮಗ್ಗದ ನೂಲು ತಂದಿದ್ದರು. ಇವರ ಬೆರಳ ನಡುವೆ ಇಟ್ಟು, "ಎಳಿ ಹರದೈತಿ, ಕಟ್ಟಲೇ ಕಲ್ಲಣ್ಣಾ."

ಹೆಬ್ಬೆರಳು ಅಲುಗಿತು. ಆಮೇಲೆ ತೋರುಬೆರಳು. ಗಂಟು ಬೀಳಲಿಲ್ಲ — ಬೆರಳು ಮಾತ್ರ ಅಲುಗಿತು.

"ಎರಡೂ ಕೂಡಿ ಕೆಲಸ ಮಾಡ್ಯಾವ ನೋಡು," ಅಂದರು ಅತ್ತೆ.

"ಯಾವ ಎರಡು?"

"ಅವರು ಕೊಡೂದು, ಮತ್ತ ನೀ ತಟ್ಟಿಯೊಳಗ ಇಟ್ಟಿದ್ದು. ನೀ ಮರತು ಹೋದಿ, ನಾನ ನುಂಗಿಸಿದೆ. ನಿನ್ನ ಪರ್ಸಿನ್ಯಾಗ ಉಳದಿದ್ದೂ ಕೊಟ್ಟು ಮುಗಿಸೇನಿ."

ಏನು ಬೈಯಲಿ? ಮಗ್ಗದ ಮನೆಯಲ್ಲಿ ಒಬ್ಬರು ಬಿಟ್ಟೆದ್ದ ಕೆಲಸವನ್ನು ಇನ್ನೊಬ್ಬರು ಕೇಳದೆ ಕೂತು ಮುಂದುವರಿಸುತ್ತಾರೆ. ಅವರು ಬದುಕಿದ್ದೇ ಹಾಗೆ. ಅರ್ಧಕ್ಕೆ ಬಿಟ್ಟೆದ್ದವಳು ನಾನು.

ಫೆ. 15, ಬೆಳಿಗ್ಗೆ
ಡಾಕ್ಟರಿಗೆ ನಿನ್ನೆಯೇ ಹೇಳಬೇಕಿತ್ತು. ಡಬಲ್ ಡೋಸ್ ಆಗಿದ್ದರೆ? ಆದರೆ ಹೇಳಿದರೆ ಗುಳಿಗೆ ನಿಲ್ಲಿಸುತ್ತಾರೆ, ಬಂದ ಬೆರಳೂ ಮತ್ತೆ ಹೋದರೆ... ಹೇಳದಿದ್ದರೆ ಆ ಬೆರಳು ಟ್ರಯಲ್‌ನ ಲೆಕ್ಕಕ್ಕೆ ಸುಳ್ಳಾಗಿ ಸೇರುತ್ತದೆ. ಪಕ್ಕದ ಬೆಡ್ಡಿನ ಸುಗ್ರಾಬಿಯೂ ಇದೇ ಟ್ರಯಲ್‌ನಲ್ಲಿದ್ದಾಳೆ. ಅವಳಂಥವರಿಗೆ ನಾಳೆ ಈ ಲೆಕ್ಕ ನೋಡಿಯೇ ಗುಳಿಗೆ ಬರೆಯುತ್ತಾರೆ. ಅಥವಾ ಬರೆಯುವುದಿಲ್ಲ.

ರೌಂಡ್ಸ್ ಶುರುವಾಯಿತು. ಡಾ. ವಿದ್ಯಾಶ್ರೀ ಸುಗ್ರಾಬಿಯ ಹತ್ತಿರ. ಇವರು ಆಗಲೇ ಎಡಗೈಯಿಂದ ಬಲಗೈ ಎತ್ತಿ ಮುಂದಿಟ್ಟುಕೊಂಡು ಕಾಯುತ್ತಿದ್ದಾರೆ, ತೋರಿಸಬೇಕೆಂದು. ಅತ್ತೆ ನೂಲು ಹಿಡಿದು ಸಿದ್ಧ.

ಡಾಕ್ಟರ್ ಬಂದರು. ನೋಡಿದರು. "ಅಗದೀ ಛಲೋ ಆತ್ರಿ ಕಲ್ಲಣ್ಣಾರ!" ಪೆನ್ನು ತೆಗೆಯುತ್ತಿದ್ದಾರೆ. ಅವರು ಬರೆದುಕೊಳ್ಳುವ ಮುಂಚೆ ನಾನು ಹೇಳಬೇಕು. ಡೈರಿ ಮುಚ್ಚಿ ಏಳುತ್ತಿದ್ದೇನೆ.