ನನ್ನ ಲಿವರ್ ಹೊಂದಿತ್ತು

೧೪ ಆಗಸ್ಟ್, ಗುರುವಾರ. ಖಡಕಿ, ಪುಣೆ

ನನ್ನ ಲಿವರ್ ಅಕ್ಕನಿಗೆ ಹೊಂದಿತ್ತು. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳಲಾರೆ.

ಎಂಟೇ ದಿನದ ಕಾಮಾಲೆ ಅವಳ ಲಿವರನ್ನು ಪೂರ್ತಿ ಕೆಡಿಸಿತು. ಸೋಮವಾರ ನನ್ನ ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಹೊಂದುತ್ತದೆ ಎಂದು ಹೇಳಿ, ಲಿವರಿನ ಒಂದು ಭಾಗ ಕೊಡಲು ಮನಸ್ಸಿದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಇಲ್ಲ ಎಂದೆ. ಅವರು ಕಾರಣ ಕೇಳಲಿಲ್ಲ. ಹೊರಗೆ ಬಂದು, ಹೊಂದಲಿಲ್ಲ ಎಂದಷ್ಟೇ ಭಾವನಿಗೆ ಹೇಳಿದರು. ಒಲ್ಲೆ ಎಂದವರ ಗುಟ್ಟನ್ನು ಹಾಗೆ ಕಾಯುತ್ತಾರಂತೆ.

ಉಳಿದದ್ದು ಸ್ಟೆಮ್ ಸೆಲ್ ಚಿಕಿತ್ಸೆ. ಅದು ಇನ್ನೂ ಪ್ರಯೋಗದಲ್ಲಿದೆ, ಭರವಸೆ ಕೊಡಲಾರೆವು ಎಂದರು. ಭಾವ ಕಾಗದ ಓದದೆ ಸಹಿ ಹಾಕಿದರು.

ಅಕ್ಕನಿಗೆ ಆಗಿನ್ನೂ ಅರೆ ಎಚ್ಚರವಿತ್ತು. "ನಿನ್ನ ಹೊಟ್ಟಿ ಕೊಯ್ಯೂದು ತಪ್ಪಿತು. ಚಲೋ ಆತವ್ವಾ," ಎಂದಳು.

ಹೆದರಿ ಒಲ್ಲೆ ಎನ್ನಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಂಡಿನ ಮನೆಗೆ ಫೋನ್ ಮಾಡಿ, ನನ್ನ ನಡತೆ ಸರಿಯಿಲ್ಲವೆಂದು ಹೇಳಿ, ನಿಶ್ಚಯವಾದ ನನ್ನ ಮದುವೆ ಮುರಿದವಳು ಅವಳು. ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಸೋಮವಾರವೂ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೇ? ಗೊತ್ತಿಲ್ಲ.

ಇಂದು ಮಧ್ಯಾಹ್ನ ಹೋದಳು. ತಂಗಿಯ ಲಿವರ್ ಹೊಂದಿದ್ದರೆ ಉಳಿಯುತ್ತಿದ್ದಳೇ ಎಂದು ಭಾವ ಡಾಕ್ಟರನ್ನು ಕೇಳಿದರು. ಬಹುಶಃ, ಎಂದರು ಅವರು, ನನ್ನ ಕಡೆ ನೋಡದೆ. ಭಾವ ನನ್ನ ತಲೆಯ ಮೇಲೆ ಕೈಯಿಟ್ಟು, "ಮನಸ್ಸಿಗೆ ಹಚ್ಕೋಬ್ಯಾಡ. ನೀ ಏನ್ ಮಾಡಾಕ ಬರ್ತಿತ್ತು?" ಎಂದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನೆರೆಯವರು ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ ತಂದಿಟ್ಟಿದ್ದರು. ಯಾರೂ ಮುಟ್ಟಲಿಲ್ಲ. ನಾನು ಮಾತ್ರ ಎರಡು ಸಲ ಬಡಿಸಿಕೊಂಡು ಉಂಡೆ.