ಹುಟ್ಟದೇ ಇರೋ ಸುಲೇಮಾನನಿಗೆ ಟ್ರಂಕ್ ಕಾಲು

ಕಮಲಕ್ಕಾ,

ನೀವು ರಿಟೈರಾಗಿ ಹೋದ್ಮೇಲೆ ಸಕ್ಲೇಶ್ಪುರದ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ನಿಮ್ ಸ್ಟೂಲಿನ ಮೇಲೆ ಕೂರ್ತಿರೋನು ನಾನೇ. ಒಂದ್ ಕಡೆ ನಿಲ್ಲದ ನನ್ನ ಕೂರ್ಸಿ ಕೆಲ್ಸ ಕಲ್ಸಿದ್ರಿ. ಇವತ್ತು ಅಲ್ಲಿ ಕೂರಕ್ಕೇ ನಾಚ್ಕೆ ಆಗ್ತೈತೆ.

ಲಾರಿ ಡ್ರೈವರ್ ಹೆಂಡ್ತಿ ಜುಬೇದಮ್ಮ ನೆನಪೈತಲ್ಲ? ಗಂಡ ಕಾಫಿ ಲೋಡ್ ತಗಂಡು ಶಿರಾಡಿ ಘಾಟಿ ಇಳಿದ ಸಂಜೆ ಕಿಟಕಿಗೆ ಬಂದು, 'ಮಂಗ್ಳೂರು ಗೋಡೌನು, ಸುಲೇಮಾನ್ ಬೇಕು' ಅನ್ನೋರು. ಸುಲೇಮಾನ್ ಅನ್ನೋನು ಹುಟ್ಟೇ ಇಲ್ಲ. ಲಾರಿ ಮುಟ್ಟಿದ್ರೆ ಅಲ್ಲಿಯೋರು 'ಈಗ ಹೊರಗೆ ಹೋದ' ಅನ್ನೋರು, ಮುಟ್ಟದೇ ಇದ್ರೆ 'ಇನ್ನೂ ಬಂದಿಲ್ಲ'. ಕೇಳಿದ ಆಳು ಸಿಗ್ದಿದ್ರೆ ಮಾತಾಡಿದ ಚಾರ್ಜ್ ಬೀಳಲ್ವಲ್ಲ! 'ಇದು ಮೋಸ ಅಲ್ವಾ ಅಕ್ಕಾ?' ಅಂದ್ರೆ, 'ಬಾಯ್ಮುಚ್ಕಂಡು ಕಾಲ್ ಟಿಕೇಟ್ ಬರಿ ಕಣೋ' ಅಂತಿದ್ರಿ.

ಈಗ ಬೆಂಗ್ಳೂರಿನ ಬಿಲ್ ಆಫೀಸಿಗೆ ಕಂಪ್ಯೂಟ್ರು ಅಂತ ಒಂದು ಮಿಷನ್ ಬಂದೈತೆ. ನಾವು ಬರೆದ ಒಂದೊಂದು ಟಿಕೇಟಿಗೂ ಒಂದೊಂದು ಕಾರ್ಡು. ಅದಕ್ಕೆ ತೂತು ಹೊಡೆದು ಹಾಕಿದ್ರೆ, ಕ್ಯಾನ್ಸಲ್ ಆದ ಕಾಲ್‌ಗಳನ್ನೆಲ್ಲ ಆರಿಸಿ ಬೇರೆ ಹಾಕ್ತದಂತೆ. ಇನ್‌ಸ್ಪೆಕ್ಟ್ರು ಬಂದು, 'ಏನಯ್ಯಾ, ನಿಮ್ಮೂರೋರು ಫೋನ್ ಮಾಡಿದ್ರೆ ಯಾರೂ ಸಿಗೋದೇ ಇಲ್ವಾ?' ಅಂತ ನಕ್ರು. ನಾನು ಟಿಕೇಟಿನ ಕಟ್ಟು ಡ್ರಾಯರ್ ಒಳಗೆ ತಳ್ದೆ.

ನಿನ್ನೆ ಸಂಜೆ ಜುಬೇದಮ್ಮ ಬಂದ್ರು. ಘಾಟೀಲಿ ಮಾರನಹಳ್ಳಿ ಕೆಳಗೆ ಯಾವ್ದೋ ಲಾರಿ ಉರುಳೈತೆ ಅಂತ ಊರೆಲ್ಲ ಸುದ್ದಿ. ಅಂಥಾ ಹೊತ್ತಲ್ಲಿ ನಾನು ಎಲ್ರ ಮುಂದೆ, 'ಸುಲೇಮಾನೂ ಇಲ್ಲ, ಯಾರೂ ಇಲ್ಲ. ಸರ್ಕಾರಕ್ಕೆ ಮೋಸ ಮಾಡ್ತೀರಾ?' ಅಂದ್ಬುಟ್ಟೆ. ಹಿಂದೆ ನಿಂತಿದ್ದ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು ಕಿಸಕ್ಕಂತ ನಕ್ರು. ಜುಬೇದಮ್ಮ ತಲೆ ಮೇಲೆ ಸೆರಗೆಳ್ಕಂಡು ಹೊಂಟೋದ್ರು. ಆಮೇಲಾದ್ರೂ ನಾನೇ ಗೋಡೌನಲ್ಲಿ ಒಂದ್ ಮಾತು ವಿಚಾರಿಸಬೋದಿತ್ತಲ್ಲ... ಎಲ್ಲೋ ಇರೋ ಮಿಷನ್ನಿಗೆ ಅಷ್ಟು ಹೆದ್ರಿದ್ನಾ ಅಕ್ಕಾ?

ಬೆಳಿಗ್ಗೆ ನಾನೇ ಗೋಡೌನಿಗೆ ಕಾಲ್ ಹಾಕ್ದೆ. ಸುಲೇಮಾನ್ ಇದಾನಾ ಅಂದೆ. 'ನಿನ್ನೇನೇ ಹೊರಗೆ ಹೋದ ಮಾರಾಯ' ಅಂದ್ರು. ಸೈಕಲ್ ತುಳ್ಕಂಡು ಮನೆಗೆ ಹೋದ್ರೆ ಬೀಗ. ಜುಬೇದಮ್ಮ ಬಸ್‌ಸ್ಟ್ಯಾಂಡಲ್ಲಿ ಘಾಟಿ ಹತ್ತಿ ಬಂದ ಡ್ರೈವರ್‌ಗಳ್ನೆಲ್ಲ ಕೇಳ್ತಾ ನಿಂತಿದ್ರು. ಲಾರಿ ನಿನ್ನೇನೇ ಮುಟ್ಟೈತೆ ಅಂತ ಹೇಳ್ದೆ. ಅಲ್ಲೇ ಕಲ್ಲಿನ ಮೇಲೆ ಕೂತ್ರು. ಯಾವಾಗ್ಲೂ ತಮ್ಮಾ ಅನ್ನೋರು, 'ಉಪಕಾರ ಆಯ್ತು ಸಾರ್' ಅಂದ್ರು.

'ಮುಂದಿನ್ ಸಲ ಕಿಟಕಿಗೇ ಬನ್ನಿ' ಅಂದೆ.

'ಬ್ಯಾಡ ಸಾರ್. ನಿಮ್ ಕೆಲ್ಸಕ್ಕೆ ತೊಂದ್ರೆ.'

ಅವ್ರು ಕಿಟಕಿಗೆ ಬರ್ದೇ ಇದ್ರೂ ಲಾರಿ ಇಳಿದ ದಿನ ನಾನೇ ಸುಲೇಮಾನನಿಗೆ ಕಾಲ್ ಹಾಕಿ, ಬಾಗ್ಲಿಗೆ ಹೋಗಿ ಹೇಳ್ತೀನಿ ಅಕ್ಕಾ. ಟಿಕೇಟಲ್ಲಿ ಫೋನ್ ಮಾಡಿದೋರು ಅಂತ ನನ್ ಹೆಸ್ರೇ ಬರೀತೀನಿ. ಮಿಷನ್ನು ಬೇಕಾದ್ರೆ ನನ್ನನ್ನೇ ಆರಿಸ್ಕಳ್ಳಿ.

ನಿಮ್ಮ
ಮಂಜ