ತಟ್ಟೆಗೆ ಮರಳಿದ ವೀಳ್ಯ

ಹೊಸನಗರ
೧೨-೨-೧೯೬೮

ಪ್ರೀತಿಯ ಅಣ್ಣಯ್ಯನಿಗೆ,

ಸಾಗರದಲ್ಲಿ ನೆರೆದಿರುವ ಮಹಾಜನಗಳೇ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿರುವ ಅಧ್ಯಕ್ಷರೇ, ಅಪ್ಪನಿಗೆ ಈ ಕಾಗದ ಓದಿ ಹೇಳುತ್ತಿರುವ ಯಮುನಾ ಎಂಬ ಏಕೈಕ ಸಭಿಕಳೇ, ಭಾಷಣಕ್ಕೆ ಜನವಿಲ್ಲ, ಸುಮ್ಮನಿರಲು ನನಗೆ ಮನವಿಲ್ಲ. ಮೊದಲು ಹೇಳು, ಆಪರೇಶನ್ ಆದ ಕಣ್ಣಿನ ನೋವು ಇಳಿಯಿತೆ? ಡಾಕ್ಟರು ಬಗ್ಗಬೇಡಿ ಎಂದರೆ ಬಗ್ಗಬೇಡ. ಎರಡು ಸಲ ಪಂಚಾಯ್ತಿ ಛೇರ್ಮನ್ ಆದವನಿಗೆ ಅದೇನು ಕಷ್ಟವಲ್ಲ.

ಈಗ ಊರಿನ ಸುದ್ದಿ. ಚುನಾವಣೆಯ ರಗಳೆ ಬೇಡವೆಂದು ಪದ್ಧತಿಯಂತೆ ನಮ್ಮ ಜಗಲಿಯಲ್ಲೇ ಸೇರಿದರು. ನಿನ್ನ ಹೆಸರು ಹೇಳಿ ತಟ್ಟೆ ತಿರುಗಿಸುವುದು, ವೀಳ್ಯ ತೆಗೆದುಕೊಂಡವರು ಒಪ್ಪಿದರೆಂದು ತಿಳಿಯುವುದು. ಎರಡು ಸಲವೂ ನೀನು ಅವಿರೋಧವಾಗಿ ಬಂದದ್ದು ಹೀಗೇ ಅಲ್ಲವೆ. ನೀನಿಲ್ಲವೆಂದು ಈ ಸಲ ತಟ್ಟೆ ಹಿಡಿದವನು ನಾನು. ಕೆಳಕೇರಿಯ ಕನ್ನಮ್ಮ ಬಾವಿಯ ವಿಚಾರ ಕೇಳಲು ಬಂದು ಅಂಗಳದಲ್ಲಿ ನಿಂತಿದ್ದಳು. ಅದೇ ಬಾವಿ, ನೀನು ಎಂಟು ವರ್ಷದಿಂದ ಬಾಯಲ್ಲೇ ತೋಡಿಸುತ್ತಿರುವುದು. ಹಳ್ಳ ಆಗಲೇ ಬತ್ತಿದೆ, ಅವರು ಮೈಲಿ ದೂರದಿಂದ ನೀರು ಹೊರುತ್ತಿದ್ದಾರೆ. ಇಳಿದು ಹೋಗಿ ಅವಳಿಗೂ ವೀಳ್ಯ ಕೊಟ್ಟೆ. ಒಂದು ಗಳಿಗೆ ಹಿಡಿದು ನೋಡಿ, ತಟ್ಟೆಗೇ ವಾಪಸು ಇಟ್ಟಳು.

"ಇದನ್ನ ತಿಂದ್ಮೇಲೆ ನೀರು ಕೇಳಕ್ಕೆ ಬಾಯಿ ಎಲ್ಲಿರ್ತದೆ ಅಯ್ಯಾ?"

ನಿನ್ನ ಬಲಗೈ ತಿಮ್ಮಣ್ಣ ನಕ್ಕ. "ಹಂಗಾರೆ ನೀನೇ ಓಟಿಗೆ ನಿಂತ್ಕಳೆ."

"ನಿಂತ್ಕಳ್ತೀನಿ. ಅರ್ಜಿ ಎಲ್ಲಿ ಕೊಡ್ತಾರೆ ಹೇಳಿ."

ಬಿ.ಎ. ಓದಿದ ನಾನು ಸ್ವಾತಂತ್ರ್ಯ ಬಂದ ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ಮೂರನೆಯ ದಿನ ಅವಳ ಹೆಬ್ಬೆಟ್ಟಿನ ನಾಮಪತ್ರ ಬಿತ್ತು. ಊರಿನ ಹಿರಿಯರೆಲ್ಲ ಅವಳ ಗುಡಿಸಲಿಗೇ ನಡೆದು, ವಾಪಸು ತೆಗೆ ಎಂದರು. ಅಷ್ಟು ದೊಡ್ಡವರು ಆ ಕೇರಿಗೆ ಹೋದದ್ದು ಅದೇ ಮೊದಲು. ಬಂದವರಿಗೆ ಕುಡಿಯಲು ನೀರು ಕೊಡಲಾಗಲಿಲ್ಲವೆಂದು ಅವಳು ಬೇಸರಪಟ್ಟಳಂತೆ. ನಾಮಪತ್ರ ಮಾತ್ರ ತೆಗೆಯಲಿಲ್ಲ.

ನಾಮಪತ್ರ ವಾಪಸು ತೆಗೆಯಲು ಶುಕ್ರವಾರ ಕೊನೆಯ ದಿನ. ನಿನ್ನದೊಂದು ಮಾತು ಬಂದರೆ ಅವಳು ತಗ್ಗುತ್ತಾಳೆಂದು ತಿಮ್ಮಣ್ಣ ನನ್ನನ್ನು ಈ ಕಾಗದಕ್ಕೆ ಕೂರಿಸಿದ್ದಾನೆ. ಆ ಮಾತು ಬರೆಯಬೇಡ, ಅಣ್ಣಯ್ಯ. ನಿಲ್ಲು, ಬೇಕಾದರೆ ಗೆಲ್ಲು. ಆದರೆ ಒಂದು ಸಲ ಓಟು ಎಣಿಸಲಿ.

ಅತ್ತಿಗೆಗೆ ನಮಸ್ಕಾರ, ಯಮುನೆಗೆ ಆಶೀರ್ವಾದ. ಕಣ್ಣಿಗೆ ಔಷಧಿ ತಪ್ಪಿಸಬೇಡ.

ನಿನ್ನ ತಮ್ಮ,
ಸೀತಾರಾಮ

ತಾ.ಕ.: ಯಮುನಾ, ಇದನ್ನೂ ಜೋರಾಗಿ ಓದು. ಅಣ್ಣಯ್ಯ, ಮೊದಲಿಗೆ ಬರೆದದ್ದು ಸಭೆಯೂ ಅಲ್ಲ, ಭಾಷಣವೂ ಅಲ್ಲ. ನೇರ ಹೇಳಲು ಧೈರ್ಯ ಸಾಲದೆ ಆಡಿದ ಆಟ. ಅವಳ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಲು ನಿನಗೆ ಹೆದರಿ ಊರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಹಾಕಿದವನು ನಾನು.